‘ರೈಟ್’ ಎಂಬ ಮಾತು: ಸರಿಯೋ, ಹಕ್ಕೋ?

ಇಂಗ್ಲೀಷ್ ನಿಘಂಟನ್ನು ತಿರುವಿ ಹಾಕಿದ ವಿದ್ಯಾರ್ಥಿ ಮಿತ್ರರು ಒಂದು ವಿಚಿತ್ರವನ್ನು ಕಂಡಿರಬಹುದು. ಉದ್ದುದ್ದವಾದ ಶಬ್ದಗಳಿಗೆ ಒಂದೆರಡು ಸಾಲಿನಲ್ಲಿ ಅರ್ಥ ಮುಗಿದುಹೋಗುತ್ತದೆ; ಪುಟ್ಟ ಶಬ್ದಗಳಿಗಾದರೋ ಪುಟಗಳೇ ಸಾಲವು. ಅಂತಹ ಪುಟ್ಟ ಶಬ್ದಗಳಲ್ಲೊಂದು ‘ರೈಟ್’. ಇದನ್ನು ಕಲಿಯಲು ನಮ್ಮ ಸೀಮೆಯ ಮಗು ಇಂಗ್ಲೀಷ್ ಶಾಲೆಗೆ ಹೋಗಬೇಕಾಗಿಲ್ಲ. ಬೀದರದಿಂದ ಜಹೀರಾಬಾದಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರನು ‘ರೈಟ್, ರೈಟ್’ ಎಂದು ಕೂಗಿದರೆ ‘ಹೊರಡು’ ಎಂದರ್ಥ. ಕವಾಯತಿನ ಬಯಲಿನಲ್ಲಿ ಅದು ಬಲಗಾಲು. ಲೆಕ್ಕದ ಪುಸ್ತಕದಲ್ಲಿ ಗುರುಗಳು ಕೆಂಪು ಮಸಿಯಿಂದ ಎಳೆಯುವ ಗೀಟಿಗೂ ರೈಟ್ ಎಂದೇ ಹೆಸರು. ರೇಖಾಗಣಿತದಲ್ಲಿ ಅದು 90 ಅಂಶಗಳ ಕೋನ. ರಾಜಕೀಯದಲ್ಲಿ ಒಂದು ಪಂಥ. ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಹಕ್ಕು.

ಬಸ್ಸಿನಲ್ಲಿಯೂ ಬಯಲಿನಲ್ಲಿಯೂ ಈ ಶಬ್ದದಿಂದ ಯಾರಿಗೂ ಕೇಡಿಲ್ಲ. ತೊಡಕು ಹುಟ್ಟುವುದು ಒಬ್ಬ ಮನುಷ್ಯನು ಇನ್ನೊಬ್ಬನೆದುರು ನಿಂತು ‘ಇದು ನನ್ನ ರೈಟ್’ ಎಂದಾಗ. ಹಾಗೆಂದವನು ತನಗೆ ಹಕ್ಕಿದೆ ಎಂದಷ್ಟೇ ಹೇಳಿರುತ್ತಾನೆ. ಆದರೆ ಕೇಳಿದವನ ಕಿವಿಗೂ, ಎಷ್ಟೋ ವೇಳೆ ಹೇಳಿದವನ ಮನಸ್ಸಿಗೂ, ‘ನಾನು ಮಾಡುವುದು ಸರಿ’ ಎಂಬ ಧ್ವನಿ ಅದರೊಡನೆಯೇ ಬಂದುಬಿಡುತ್ತದೆ. ಒಂದು ಶಬ್ದವು ಎರಡು ವಿಚಾರಗಳನ್ನು ಒಂದೇ ಚೀಲದಲ್ಲಿ ಕಟ್ಟಿಕೊಟ್ಟಿದೆ. ಹಕ್ಕುಳ್ಳ ಕಾರ್ಯವೆಲ್ಲವೂ ಸರಿಯಾದ ಕಾರ್ಯವೇ? ಸರಿಯಾದುದನ್ನೆಲ್ಲ ಹಕ್ಕೆಂದು ಕೇಳಬಹುದೇ? ಗಡಿನಾಡಿನ ಕನ್ನಡಿಗರಿಗೆ ಇದು ಬರಿಯ ವ್ಯಾಕರಣದ ಪ್ರಶ್ನೆಯಲ್ಲ.

ಮೊದಲು ಶಬ್ದದ ಮನೆತನವನ್ನು ನೋಡೋಣ. ‘ರೈಟ್’ ಎಂಬುದರ ಮೂಲಾರ್ಥ ‘ನೆಟ್ಟಗಿರುವುದು’. ಲ್ಯಾಟಿನ್ನಿನ ‘ರೆಕ್ಟಸ್’ ಶಬ್ದವೂ ಸಂಸ್ಕೃತದ ‘ಋಜು’ವೂ ಅದರ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇದಕ್ಕೆ ವಿರುದ್ಧವಾದ ‘ರಾಂಗ್’ ಎಂಬುದಕ್ಕೆ ಮೊದಲಿದ್ದ ಅರ್ಥ ‘ತಿರುಚಿದ್ದು’, ‘ಸೊಟ್ಟಗಿರುವುದು’. ಇದು ನಮಗೇನೂ ಅಪರಿಚಿತವಲ್ಲ. ನಾವೂ ‘ನೇರ ಮನುಷ್ಯ’ ಎನ್ನುತ್ತೇವೆ, ‘ನೆಟ್ಟಗೆ ಬಾಳು’ ಎನ್ನುತ್ತೇವೆ, ‘ಸೊಟ್ಟ ಬುದ್ಧಿ’ ಎಂದು ಹಳಿಯುತ್ತೇವೆ. ಗೆರೆಯ ಗುಣವನ್ನು ನಡತೆಗೆ ಕೊಡುವುದು ಮನುಷ್ಯನಿಗೆ ಸಹಜವೆಂದು ತೋರುತ್ತದೆ.

ಆದರೆ ಬಲಗೈ ಈ ಗೌರವವನ್ನು ಪಡೆದುದು ಹೇಗೆ? ಬಹುಜನರಿಗೆ ಆ ಕೈಯಲ್ಲಿ ಕಸುವು ಹೆಚ್ಚು. ಆದ್ದರಿಂದ ಅದೇ ‘ಸರಿಯಾದ ಕೈ’ ಎನಿಸಿಕೊಂಡಿತು. ಕನ್ನಡದಲ್ಲಿಯೂ ‘ಬಲ’ ಎಂದರೆ ಒಂದು ಪಕ್ಕವೂ ಹೌದು, ಶಕ್ತಿಯೂ ಹೌದು. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಗೆಣ್ಣಿಗೆ ಏಟು ಕೊಟ್ಟು ಬಲಗೈಗೆ ಬದಲಿಸುವ ಪದ್ಧತಿ ಎಷ್ಟೋ ಶಾಲೆಗಳಲ್ಲಿತ್ತು. ಆ ಮಗು ಬರೆದ ಅಕ್ಷರ ತಪ್ಪಾಗಿರಲಿಲ್ಲ. ಬರೆದ ಪಕ್ಕ ಮಾತ್ರ ಬೇರೆಯಾಗಿತ್ತು. ಹೆಚ್ಚು ಜನ ಮಾಡುವುದೇ ಸರಿ, ಬಲವುಳ್ಳ ಕಡೆಯೇ ನ್ಯಾಯ ಎಂಬ ಪಾಠವನ್ನು ಅಂದು ಗುರುಗಳು ತಮಗರಿಯದೆಯೇ ಕಲಿಸಿದರು. ಎಣಿಕೆಯಲ್ಲಿ ಕಡಿಮೆ ಇರುವವರು ಈ ಮಗುವನ್ನು ಮರೆಯಬಾರದೆಂದು ನನ್ನ ಭಾವನೆ.

ಸಂಸ್ಕೃತದ ದಾರಿ ಇನ್ನೂ ಕುತೂಹಲಕರವಾದುದು. ಅಲ್ಲಿ ಬಲಗಡೆಗೆ ‘ದಕ್ಷಿಣ’ವೆಂದು ಹೆಸರು. ಪೂರ್ವಕ್ಕೆ ಮುಖಮಾಡಿ ನಿಂತವನ ಬಲಕ್ಕಿರುವ ದಿಕ್ಕೂ ಅದೇ. ಝರಾಸಂಗಮದ ಕೇತಕೀ ಸಂಗಮೇಶ್ವರನ ಗುಡಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದಲೂ ಭಕ್ತರು ಬರುತ್ತಾರೆ. ಅವರು ದೇವರನ್ನು ತಮ್ಮ ಬಲಕ್ಕಿಟ್ಟುಕೊಂಡು ಸುತ್ತುವುದೇ ಪ್ರದಕ್ಷಿಣೆ, ಅಚ್ಚಗನ್ನಡದಲ್ಲಿ ಬಲಗೊಳ್ಳುವುದು. ಇದೇ ಶಬ್ದದ ಬಳಗದಲ್ಲಿ ‘ದಕ್ಷಿಣೆ’ ಇದೆ, ‘ದಾಕ್ಷಿಣ್ಯ’ವೂ ಇದೆ. ದಾಕ್ಷಿಣ್ಯವೆಂದರೆ ಇನ್ನೊಬ್ಬರ ಮನ ನೋಯದಂತೆ ತಾನು ಸ್ವಲ್ಪ ಬಾಗುವ ಗುಣ. ನೋಡಿರಿ: ಬಲಗಡೆಗೆ ಇಟ್ಟ ಹೆಸರಿನಿಂದಲೇ ಇಂಗ್ಲೀಷರು ‘ನನಗೆ ಬರಬೇಕಾದುದು’ ಎಂಬ ಅರ್ಥವನ್ನೂ ಸೂಚಿಸಿದರು, ನಮ್ಮವರು ‘ನಾನು ಬಿಟ್ಟುಕೊಡಬೇಕಾದುದು’ ಎಂಬ ಅರ್ಥವನ್ನು ಸೂಚಿಸಿದರು. ಇದರಿಂದ ಹಿಗ್ಗಬೇಕಾದ ಕಾರಣವೇನೂ ಇಲ್ಲ. ದಾಕ್ಷಿಣ್ಯಕ್ಕೆ ಸಿಕ್ಕಿ ಪರರ ಸಾಲಕ್ಕೆ ಜಾಮೀನಾಗಿ ಹೊಲ ಕಳೆದುಕೊಂಡವರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಇನ್ನು ‘ಹಕ್ಕು’. ಇದು ಅರಬ್ಬಿಯ ‘ಹಕ್’. ಜಹೀರಾಬಾದಿನ ಸಂತೆಯಲ್ಲಿ ಕೇಳಿಬರುವ ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕರಲ್ಲಿಯೂ ಈ ಶಬ್ದ ಸಲ್ಲುತ್ತದೆ. ಮಿಕ್ಕ ವಿಷಯಗಳಲ್ಲಿ ನಾವು ಎಷ್ಟೇ ಜಗಳವಾಡಲಿ, ಹಕ್ಕಿಗಾಗಿ ಜಗಳವಾಡುವಾಗ ಒಂದೇ ಶಬ್ದವನ್ನು ಬಳಸುತ್ತೇವೆ. ಅರಬ್ಬಿಯಲ್ಲಿ ಅದಕ್ಕೆ ಸತ್ಯವೆಂದೂ ಅರ್ಥವಿದೆ, ಸಲ್ಲತಕ್ಕ ಪಾಲು ಎಂದೂ ಅರ್ಥವಿದೆ. ಅದು ಭಗವಂತನ ನಾಮಗಳಲ್ಲೊಂದು. ಕನ್ನಡಕ್ಕೆ ಬರುವಾಗ ಅದು ಪಾಲನ್ನು ಮಾತ್ರ ತಂದಿತು, ಸತ್ಯವನ್ನು ಅಲ್ಲಿಯೇ ಬಿಟ್ಟಿತು. ಹಾಗಾಗಿ ಕನ್ನಡದಲ್ಲಿ ‘ಹಕ್ಕು’ ಬೇರೆ, ‘ಸರಿ’ ಬೇರೆ. ‘ಅವನಿಗೆ ಹಕ್ಕೇನೋ ಇದೆ, ಆದರೆ ಮಾಡಿದ್ದು ಸರಿಯಲ್ಲ’ ಎಂಬ ವಾಕ್ಯವನ್ನು ನಮ್ಮ ಹಳ್ಳಿಯ ಪಂಚರು ಒಂದೇ ಉಸಿರಿನಲ್ಲಿ ಆಡಬಲ್ಲರು. ಇದನ್ನು ನಾನು ನಮ್ಮ ಭಾಷೆಯ ದೊಡ್ಡ ಅನುಕೂಲವೆಂದು ಎಣಿಸುತ್ತೇನೆ. ಅಲ್ಲದೆ ‘ಸರಿ’ ಎಂಬುದಕ್ಕೆ ‘ಸಮ’ ಎಂಬ ಅರ್ಥವೂ ಇದೆ. ತಕ್ಕಡಿಯ ಎರಡು ತಟ್ಟೆಗಳು ಸರಿಯಾದಾಗಲೇ ತೂಕ ಸರಿ.

ಹಾಗಾದರೆ ಹಕ್ಕು ಎಂಬುದು ಸರಿಗಿಂತ ಕೀಳೇ? ಹಕ್ಕನ್ನು ಬಿಟ್ಟು ಕರ್ತವ್ಯವನ್ನು ಮಾತ್ರ ನೆನೆದರೆ ಸಾಲದೇ? ಗಾಂಧೀಜಿಯವರು 1947ರಲ್ಲಿ ಯುನೆಸ್ಕೋ ಸಂಸ್ಥೆಯ ಜೂಲಿಯನ್ ಹಕ್ಸ್ಲಿಯವರಿಗೆ ಬರೆದ ಪತ್ರದಲ್ಲಿ, ಕರ್ತವ್ಯವನ್ನು ಚೆನ್ನಾಗಿ ನೆರವೇರಿಸುವುದರಿಂದಲೇ ಹಕ್ಕುಗಳು ಬರುವುವೆಂದೂ, ಇದನ್ನು ತಾವು ಓದುಬರಹವಿಲ್ಲದ ಆದರೆ ವಿವೇಕಿಯಾದ ತಾಯಿಯಿಂದ ಕಲಿತುದಾಗಿಯೂ ತಿಳಿಸಿದ್ದರು. ಮಾತು ಪೂಜ್ಯವಾದುದು. ಆದರೂ ನಮ್ಮ ನೆಲದಲ್ಲಿ ನಿಂತು ಅದನ್ನು ಕೇಳುವಾಗ ಮನಸ್ಸು ಪೂರ್ತಿಯಾಗಿ ಒಪ್ಪದು. ನಿಜಾಮರ ಸಂಸ್ಥಾನದಲ್ಲಿ ತೆಲುಗರು ‘ವೆಟ್ಟಿ’ ಎಂದೂ ನಾವು ‘ಬಿಟ್ಟಿ’ ಎಂದೂ ಕರೆದ ಚಾಕರಿ ನಡೆಯಿತು. ಸಾಲಕ್ಕೆ ಸಿಕ್ಕಿದ ಭಗೇಲಾಗಳು ಒಡೆಯರ ಹೊಲಗಳಲ್ಲಿ ತಲೆಮಾರುಗಟ್ಟಲೆ ದುಡಿದರು. ಕರ್ತವ್ಯದಲ್ಲಿ ಅವರು ಕಡಿಮೆ ಮಾಡಿದುದೇನು? ಆ ಕರ್ತವ್ಯದಿಂದ ಅವರಿಗೆ ಒಂದು ಹಕ್ಕೂ ಹುಟ್ಟಲಿಲ್ಲ. ಜೀತವನ್ನು ರದ್ದುಪಡಿಸುವ ಕಾಯಿದೆ ಇಡೀ ದೇಶಕ್ಕೆ ಬಂದುದು 1976ರಲ್ಲಿ. ಒಡೆಯನ ದಾಕ್ಷಿಣ್ಯವನ್ನು ನಂಬಿ ಕುಳಿತವನಿಗೆ ಹಕ್ಕೆಂಬ ಮಾತಿನ ಬೆಲೆ ಗೊತ್ತು. ಕೈಯೊಡ್ಡದೆ, ತಲೆತಗ್ಗಿಸದೆ ಕೇಳಬಹುದಾದುದೇ ಹಕ್ಕು.

ಈಗ ನಮ್ಮ ಶಾಲೆಯ ವಿಷಯ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಇವು ಮೈಸೂರಿಗೆ ಬಾರದೆ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಅದೇ ದಿನ ಸಂವಿಧಾನದ 7ನೆಯ ತಿದ್ದುಪಡಿಯೂ ಜಾರಿಗೆ ಬಂದು 350ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಸಾಕಷ್ಟು ಸೌಕರ್ಯ ಕಲ್ಪಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ವಿಧಿಸುತ್ತದೆ. ಶಬ್ದಗಳನ್ನು ತೂಗಿ ಓದುವ ಅಭ್ಯಾಸವುಳ್ಳವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 29ನೆಯ ವಿಧಿ ತನ್ನದೇ ಆದ ಭಾಷೆ, ಲಿಪಿಗಳುಳ್ಳ ಜನರಿಗೆ ಅವನ್ನು ಉಳಿಸಿಕೊಳ್ಳುವ ‘ರೈಟ್’ ಇದೆ ಎನ್ನುತ್ತದೆ; 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ‘ರೈಟ್’ ಇದೆ ಎನ್ನುತ್ತದೆ. 350ಎಯಲ್ಲಿ ಆ ಶಬ್ದವಿಲ್ಲ. ‘ಪ್ರಯತ್ನ’ ಎಂಬ ಶಬ್ದವಿದೆ. ಉಳಿಸಿಕೊಳ್ಳುವುದು ನಮ್ಮ ಹಕ್ಕು. ಕಲಿಸುವುದು ಸರ್ಕಾರದ ಪ್ರಯತ್ನ. ಈ ಎರಡರ ನಡುವಿನ ಸಂದಿನಲ್ಲಿ ಒಂದನೆಯ ತರಗತಿಯ ಮಗು ಚೀಲ ಹಿಡಿದು ನಿಂತಿದೆ.

ಆ ಪ್ರಯತ್ನವನ್ನು ದಾಕ್ಷಿಣ್ಯವೆಂದು ತಿಳಿದು ಕೃತಜ್ಞತೆಯಿಂದ ಕುಗ್ಗುವವರೂ ನಮ್ಮಲ್ಲಿದ್ದಾರೆ. ಅದು ಸಲ್ಲದು. ರಾಜ್ಯಕ್ಕೆ ವಿಧಿಸಿದ ಕರ್ತವ್ಯವನ್ನು ನೆನಪಿಸುವುದು ಭಿಕ್ಷೆಯಲ್ಲ. ಆದರೆ ಹಕ್ಕೆಂದು ಕೂಗಿದ ಮಾತ್ರಕ್ಕೆ ಶಾಲೆಯ ಹಾಜರಿ ಪುಸ್ತಕ ತುಂಬುವುದೂ ಇಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿಯೇ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರಲಾರದು, ಮಗುವಿನ ಪರವಾಗಿ ಮಾಧ್ಯಮವನ್ನು ಆರಿಸುವುದು ತಂದೆತಾಯಿಗಳದು ಎಂದು ತೀರ್ಪಿತ್ತಿತು. ಕನ್ನಡ ಶಾಲೆ ಬೇಕೆಂದು ಮನವಿಗೆ ಸಹಿಹಾಕಿ, ತನ್ನ ಮಗುವನ್ನು ಇಂಗ್ಲೀಷ್ ಶಾಲೆಯ ವ್ಯಾನಿಗೆ ಹತ್ತಿಸುವ ತಂದೆಗೆ ಹಾಗೆ ಮಾಡುವ ಹಕ್ಕು ಖಂಡಿತವಾಗಿಯೂ ಇದೆ. ಅವನಿಗೂ ನಾಳಿನ ನೌಕರಿಯ ಚಿಂತೆ. ಅವನನ್ನು ನಾನು ದೂರಲಾರೆ. ಅವನ ಸಹಿಯನ್ನು ನಂಬಲೂ ಆರೆ.

ಇನ್ನೊಂದು ಮಾತನ್ನು ನಮ್ಮ ಸಭೆಗಳಲ್ಲಿ ಯಾರೂ ಆಡುವುದಿಲ್ಲ. ಇಲ್ಲಿ ನಾವು ಕೇಳುವುದನ್ನೇ ಕೋಲಾರದ ತೆಲುಗು ಮಗು, ಬೆಳಗಾವಿಯ ಮರಾಠಿ ಮಗು, ಬೀದರದ ಉರ್ದು ಮಗು ಅಲ್ಲಿ ಕೇಳಿದರೆ ನಮ್ಮ ಉತ್ತರವೇನು? ನಮಗಾದರೆ ಹಕ್ಕು, ಅವರಿಗಾದರೆ ದಾಕ್ಷಿಣ್ಯ ಎನ್ನುವುದಾದರೆ ತಕ್ಕಡಿ ಸರಿಯಿಲ್ಲ.

ಕಡೆಗೆ ಶಬ್ದಗಳ ಆಟವೊಂದನ್ನು ಹೇಳಿ ಬಿಡುತ್ತೇನೆ. ಉಪಾಧ್ಯಾಯರಿಗೆ ತರಗತಿಯಲ್ಲಿ ಉಪಯೋಗವಾದೀತು. ಕನ್ನಡದ ಹಳೆಯ ಕ್ರಯಪತ್ರಗಳಲ್ಲಿ ‘ಹಕ್ಕುಬಾಧ್ಯತೆ’ ಎಂಬ ಜೋಡುನುಡಿ ಬರುತ್ತದೆ. ಆಸ್ತಿಗೆ ಬಾಧ್ಯಸ್ಥನೆಂದರೆ ಅದು ಸಲ್ಲತಕ್ಕವನು, ವಾರಸುದಾರ. ನಮ್ಮ ಮಕ್ಕಳು ತೆಲುಗನ್ನೂ ಕಲಿಯುತ್ತಾರಷ್ಟೆ. ಆ ಭಾಷೆಯಲ್ಲಿಯೂ ‘ಬಾಧ್ಯತ’ ಎಂಬ ಶಬ್ದವಿದೆ, ‘ಹಕ್ಕು’ ಎಂಬುದರ ಜೊತೆಯಲ್ಲಿಯೇ ಅದೂ ಬರುತ್ತದೆ. ಆದರೆ ಅಲ್ಲಿ ಅದರ ಅರ್ಥ ‘ಹೊಣೆ’.