ಮಾಲೂರಿನಿಂದ ಒಳ್ಳೆಯದು ಬಂದೀತೇ?



ಸಂತ ಯೊವಾನ್ನರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಇಬ್ಬರು ಗೆಳೆಯರ ಸಣ್ಣ ಸಂಭಾಷಣೆಯೊಂದಿದೆ (ಯೊವಾನ್ನ 1:45-47). ಫಿಲಿಪ್ಪನು ನತಾನಿಯೇಲನನ್ನು ಕಂಡು, ನಾವು ಎದುರುನೋಡುತ್ತಿದ್ದವರು ದೊರೆತಿದ್ದಾರೆ, ಅವರು ನಜರೇತಿನ ಯೇಸು ಎಂದು ಸಂತೋಷದಿಂದ ತಿಳಿಸುತ್ತಾನೆ. ನತಾನಿಯೇಲನಿಗೆ ನಂಬಿಕೆ ಬರುವುದಿಲ್ಲ. ನಜರೇತಿನಂತಹ ಊರಿನಿಂದ ಒಳ್ಳೆಯದೇನಾದರೂ ಬರುವುದುಂಟೇ ಎಂದು ಕೇಳಿಬಿಡುತ್ತಾನೆ. ಫಿಲಿಪ್ಪನು ವಾದಕ್ಕೆ ಇಳಿಯಲಿಲ್ಲ, ಗೆಳೆಯನನ್ನು ಗದರಿಸಲೂ ಇಲ್ಲ. ಬಂದು ನೋಡೆಂದು ಕರೆದು, ಅವನ ಜೊತೆಯಲ್ಲಿ ಹೆಜ್ಜೆ ಹಾಕಿದನು.

ಈ ವಾಕ್ಯಗಳನ್ನು ಓದುವಾಗಲೆಲ್ಲ ನನಗೆ 2021ರ ಬೇಸಿಗೆ ನೆನಪಿಗೆ ಬರುತ್ತದೆ. ಆ ಮೇ ತಿಂಗಳಿನಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಭಾರತ್ ಬಯೋಟೆಕ್ ಸಂಸ್ಥೆಯು ಕೊರೋನಾ ರೋಗದ ಲಸಿಕೆಯಾದ ಕೋವ್ಯಾಕ್ಸಿನ್ ತಯಾರಿಸಲಿದೆ ಎಂಬ ಸುದ್ದಿ ಬಂದಿತು. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು ಮಾಲೂರು. ಕೆಲವರು ಹೆಮ್ಮೆಪಟ್ಟರು. ಇನ್ನು ಕೆಲವರು ನಕ್ಕರು. “ಮಾಲೂರಿನಲ್ಲಿ ಮಾಡಿದ್ದನ್ನು ನಂಬಿ ಕೈ ಕೊಡೋದಾ ಸ್ವಾಮಿ?” ಎಂದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನನ್ನನ್ನೇ ಕೇಳಿದರು. ಎರಡು ಸಾವಿರ ವರ್ಷಗಳ ಹಿಂದಿನ ನತಾನಿಯೇಲನ ಪ್ರಶ್ನೆಯೇ ನಮ್ಮ ಊರಿಗೆ ಬಂದಂತಾಯಿತು!

ಆ ದಿನಗಳಲ್ಲಿ ಶ್ರೀನಿವಾಸಪುರದ ತೋಟಗಳಲ್ಲಿ ಮಾವು ತೂಗುತ್ತಿದ್ದರೂ ಕೊಳ್ಳಲು ಬರುವವರು ವಿರಳ. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದೆ ಜನ ಪರದಾಡುತ್ತಿದ್ದರು. ಅಂತಹ ಹೊತ್ತಿನಲ್ಲೂ ಆಶಾ ಕಾರ್ಯಕರ್ತೆ ಬರುವುದನ್ನು ಕಂಡು ಬಾಗಿಲು ಹಾಕಿಕೊಂಡ ಮನೆಗಳಿದ್ದವು. ಏಕೆ? ಅವರೆಲ್ಲರೂ ಮೂಢರೇ? ಹಾಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಸತ್ಯವಲ್ಲ.

ನಡೆದದ್ದನ್ನು ನಡೆದಂತೆ ನೆನೆಯೋಣ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ತುರ್ತು ಬಳಕೆಯ ಅನುಮತಿ ದೊರೆತಾಗ ಅದರ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಲಸಿಕೆ ಆರಂಭವಾದಾಗ, ಕೋವ್ಯಾಕ್ಸಿನ್ ಪಡೆಯುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ತಮಗೆ ಕೋವಿಶೀಲ್ಡ್ ಕೊಡಿ ಎಂದು ದೆಹಲಿಯ ಆಸ್ಪತ್ರೆಯೊಂದರ ಕಿರಿಯ ವೈದ್ಯರೇ ಪತ್ರ ಬರೆದರು. ಓದಿದ ವೈದ್ಯರು ಹಿಂಜರಿದ ಮೇಲೆ, ಮುಳಬಾಗಿಲಿನ ಕೂಲಿ ತಾಯಿಯೊಬ್ಬಳು ಹಿಂಜರಿದರೆ ಅದನ್ನು ಮೂಢತನವೆನ್ನಲು ನಮಗೆ ಯಾವ ಬಾಯಿ?

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಪ್ರಕಟಣೆಗಳನ್ನು ಕನ್ನಡದಲ್ಲಿ ಓದುತ್ತಿದ್ದೆವು. ರಾತ್ರಿ ಒಲೆಯ ಮುಂದೆ ಕುಳಿತು, “ಇದರಿಂದ ನನಗೇನಾದರೂ ಆದರೆ ಮಕ್ಕಳ ಗತಿಯೇನು?” ಎಂದು ಆ ತಾಯಿ ಕೇಳುತ್ತಿದ್ದುದು ತೆಲುಗಿನಲ್ಲಿ. ಭಯವು ಮನೆಮಾತಿನಲ್ಲಿ ಮಾತನಾಡುತ್ತದೆ. ಅದಕ್ಕೆ ಉತ್ತರವೂ ಮನೆಮಾತಿನಲ್ಲಿಯೇ, ಪಕ್ಕದಲ್ಲಿ ಕುಳಿತವರಿಂದಲೇ ಬರಬೇಕಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಆ ವರ್ಷದ ಏಪ್ರಿಲ್‌ನಲ್ಲಿ 45 ವರ್ಷ ದಾಟಿದವರೆಲ್ಲರಿಗೂ ಲಸಿಕೆ ತೆರೆದಾಗ, ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಎಲ್ಲರೂ ತಪ್ಪದೆ ಹಾಕಿಸಿಕೊಳ್ಳಿ ಎಂದು ಗಟ್ಟಿಯಾಗಿ ಹೇಳಿದೆ. ಪೂಜೆ ಮುಗಿದ ಮೇಲೆ ಅಜ್ಜಿಯೊಬ್ಬರು ಬಾಗಿಲ ಬಳಿ ನಿಂತು, “ಸ್ವಾಮಿ, ನೀವು ಹಾಕಿಸ್ಕೊಂಡ್ರಾ?” ಎಂದು ಕೇಳಿದರು. ನಾನು ಹಾಕಿಸಿಕೊಂಡಿರಲಿಲ್ಲ. ನಮ್ಮ ಆರೋಗ್ಯ ಕೇಂದ್ರಕ್ಕೆ ಆಗ ಬಂದಿದ್ದದ್ದು ಕೋವ್ಯಾಕ್ಸಿನ್. ಇನ್ನೊಂದು ಬರಲಿ, ನೋಡೋಣ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಪೀಠದಿಂದ ಫಿಲಿಪ್ಪನಂತೆ ಮಾತನಾಡಿದ ನಾನು, ಮನಸ್ಸಿನಲ್ಲಿ ನತಾನಿಯೇಲನಾಗಿದ್ದೆ!

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ ಅಜ್ಜಿ, ನನಗೂ ಸ್ವಲ್ಪ ಭಯ” ಎಂದೆ. ಅಜ್ಜಿ ಬೈಯಲಿಲ್ಲ. ಸೆರಗು ಸರಿಸಿ ತೋಳಿನ ಮೇಲಿನ ದುಂಡನೆಯ ಹಳೆಯ ಗುರುತನ್ನು ತೋರಿಸಿದರು. “ಇದನ್ನ ಹಾಕೋಕೆ ಬಂದಾಗ ನಮ್ಮಮ್ಮ ನನ್ನ ರಾಗಿ ವಾಡೆ ಹಿಂದೆ ಬಚ್ಚಿಟ್ಟಿದ್ರು. ನಮ್ಮಪ್ಪ ತಾನು ಮೊದಲು ಹಾಕಿಸ್ಕೊಂಡು, ಆಮೇಲೆ ನನ್ನ ಎತ್ಕೊಂಡು ಹೋದ್ರು. ನಾಳೆ ಇಬ್ರೂ ಹೋಗೋಣ ಬನ್ನಿ ಸ್ವಾಮಿ” ಎಂದರು. ಮಾರನೆಯ ದಿನ ಒಂದೇ ಆಟೋದಲ್ಲಿ ಹೋದೆವು. ಅಂದು ನನಗೆ ಪ್ರಬೋಧನೆ ಮಾಡಿದವರು ಆ ಅಜ್ಜಿ.

ಪ್ರಿಯರೇ, ಅಜ್ಜಿಯ ತೋಳಿನ ಆ ಗುರುತಿಗೂ ನಮ್ಮ ಧರ್ಮಸಭೆಯ ಚರಿತ್ರೆಗೂ ಒಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ಇಲ್ಲಿನ ಜನ ದೊಡ್ಡಸ್ವಾಮಿಗಳೆಂದು ಕರೆಯುತ್ತಿದ್ದರು. ಅವರು ಇಲ್ಲಿಯವರಂತೆಯೇ ಉಡುತ್ತಿದ್ದರು, ಇಲ್ಲಿಯವರಂತೆಯೇ ಬಾಳುತ್ತಿದ್ದರು. ಜೆನ್ನರ್ ಎಂಬ ಇಂಗ್ಲಿಷ್ ವೈದ್ಯರು 1796ರಲ್ಲಿ ಕಂಡುಹಿಡಿದ ಸಿಡುಬಿನ ಲಸಿಕೆ ಆಗಷ್ಟೇ ಭಾರತಕ್ಕೆ ಬಂದಿತ್ತು. ಹಸುವಿನ ಸಿಡುಬಿನಿಂದ ಬಂದ ಆ ಮದ್ದನ್ನು ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಾಗಿತ್ತು. ಜಾತಿ, ಮಡಿ, ಅಮ್ಮನವರ ಕೋಪ ಎಂಬ ಭಯಗಳಿದ್ದ ಕಾಲದಲ್ಲಿ ಅದನ್ನು ಜನ ಹೇಗೆ ಒಪ್ಪಿಯಾರು? ಆದರೂ 1803-04ರ ಸುಮಾರಿಗೆ ದೊಡ್ಡಸ್ವಾಮಿಗಳ ಪ್ರಯತ್ನದಿಂದ 25,000ಕ್ಕೂ ಹೆಚ್ಚು ಜನರು ಲಸಿಕೆ ಪಡೆದರು. ಅವರು ಪರದೇಶದವರು, ಮದ್ದು ಹೊಸದು. ಆದರೆ ಜನರ ನಡುವೆ ಬದುಕಿ ಗಳಿಸಿದ ವಿಶ್ವಾಸ ಅವರ ಹಿಂದಿತ್ತು. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು. 1980ರಲ್ಲಿ ಇಡೀ ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಈಗ ಮತ್ತೆ ಶುಭಸಂದೇಶಕ್ಕೆ ಬರೋಣ. ಪ್ರಶ್ನೆ ಕೇಳಿದ ನತಾನಿಯೇಲನನ್ನು ಯೇಸುಸ್ವಾಮಿ ಹೇಗೆ ಕಂಡರು? ಕಪಟವಿಲ್ಲದ ಮನುಷ್ಯನೆಂದು ಮೆಚ್ಚಿದರು! ಪುನರುತ್ಥಾನದ ನಂತರ ಸಂಶಯಪಟ್ಟ ತೋಮನಿಗೂ ತಮ್ಮ ಗಾಯಗಳನ್ನೇ ತೋರಿಸಿದರು. ನಿಷ್ಕಪಟವಾದ ಸಂಶಯ ಪಾಪವಲ್ಲ. ಅದು ಉತ್ತರವನ್ನು ಬೇಡುತ್ತದೆ, ಉತ್ತರ ಸಿಕ್ಕಾಗ ಎದ್ದು ನಡೆಯುತ್ತದೆ.

ನಮ್ಮ ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರ ಬಂದವು. ಕೋವ್ಯಾಕ್ಸಿನ್‌ನಲ್ಲಿರುವುದು ಕೊಂದ ವೈರಾಣು. ಅದು ರೋಗ ತರಲಾರದು, ಆದರೆ ರೋಗದ ಗುರುತನ್ನು ದೇಹಕ್ಕೆ ಕಲಿಸಿಕೊಡುತ್ತದೆ. 25,798 ಜನರು ಭಾಗವಹಿಸಿದ್ದ ಮೂರನೆಯ ಹಂತದ ಪರೀಕ್ಷೆಯ ವಿವರವು 2021ರ ನವೆಂಬರ್‌ನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಲಕ್ಷಣ ತೋರುವ ಕೊರೋನಾದ ಎದುರು ಅದರ ರಕ್ಷಣೆ ಶೇಕಡ 77.8 ಎಂದು ಕಂಡುಬಂದಿತು. ಅದೇ ತಿಂಗಳ 3ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ತನ್ನ ತುರ್ತು ಬಳಕೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ, ಹೊಸ ಘಟಕವೊಂದರ ಮೊದಲ ಬ್ಯಾಚ್‌ಗಳು ಗುಣಮಟ್ಟ ಮುಟ್ಟದ್ದರಿಂದ ಅವನ್ನು ಜನರಿಗೆ ಕೊಡಲಿಲ್ಲವೆಂದು ಕೇಂದ್ರದ ಲಸಿಕಾ ಸಲಹಾ ತಂಡದ ಮುಖ್ಯಸ್ಥರು ಬಹಿರಂಗವಾಗಿ ಹೇಳಿದ್ದರು. ಅದನ್ನು ಕೇಳಿ ಹಲವರು ಹೆದರಿದರು. ನನಗಾದರೋ ಧೈರ್ಯ ಬಂದಿತು. ಕೆಟ್ಟದ್ದನ್ನು ತಡೆದು ನಿಲ್ಲಿಸುವ ಕಾವಲಿದೆ ಎಂಬುದು ಅದರಿಂದಲ್ಲವೇ ತಿಳಿದದ್ದು?

ಕಥೋಲಿಕರಾದ ನಮಗೆ ಇನ್ನೊಂದು ಕಳವಳವೂ ಇತ್ತು. ಕೆಲವು ಲಸಿಕೆಗಳ ತಯಾರಿಕೆಯಲ್ಲಿ, ಹಲವು ದಶಕಗಳ ಹಿಂದೆ ಗರ್ಭಪಾತವಾದ ಭ್ರೂಣದಿಂದ ಪಡೆದು ಬೆಳೆಸುತ್ತ ಬಂದ ಜೀವಕೋಶಗಳನ್ನು ಬಳಸಲಾಗಿತ್ತು. ಕೋವಿಶೀಲ್ಡ್ ಅಂತಹದು, ಕೋವ್ಯಾಕ್ಸಿನ್ ಅಲ್ಲ. 2020ರ ಡಿಸೆಂಬರ್ 21ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಮಂಡಳಿ ಇದಕ್ಕೆ ಉತ್ತರ ಕೊಟ್ಟಿತು. ಬೇರೆ ಲಸಿಕೆ ಸಿಗದಿದ್ದಾಗ ಇಂತಹವನ್ನು ಪಡೆಯುವುದು ನೈತಿಕವಾಗಿ ಸಮ್ಮತ, ಹಾಗೆ ಪಡೆಯುವುದು ಗರ್ಭಪಾತವನ್ನು ಒಪ್ಪಿದಂತಲ್ಲ ಎಂದಿತು. ಲಸಿಕೆ ಸ್ವಇಚ್ಛೆಯದಾಗಿರಬೇಕು ಎಂದೂ, ಮನಸ್ಸಾಕ್ಷಿಯ ಕಾರಣದಿಂದ ಬೇಡವೆನ್ನುವವರು ತಮ್ಮಿಂದ ಇತರರಿಗೆ ರೋಗ ಹರಡದಂತೆ ಎಚ್ಚರ ವಹಿಸಬೇಕೆಂದೂ ತಿಳಿಸಿತು. ಪೋಪ್ ಫ್ರಾನ್ಸಿಸ್ ಅವರು 2021ರ ಜನವರಿಯಲ್ಲಿ ತಾವೇ ಲಸಿಕೆ ಪಡೆದರು. ಆಗಸ್ಟ್‌ನಲ್ಲಿ ಅದನ್ನು ಪ್ರೀತಿಯ ಕಾರ್ಯವೆಂದು ಕರೆದರು. ಮೊದಲು ಕೈ ಕೊಟ್ಟರು, ಆಮೇಲೆ ಕರೆ ಕೊಟ್ಟರು.

ಇಷ್ಟಾದರೂ ಒಂದು ಗಾಯ ಮಾತ್ರ ಮಾಯದೆ ಉಳಿದಿದೆ. ಮಾಲೂರು ಕಡೆಯ ನಮ್ಮ ಒಬ್ಬ ಸಹೋದರ, ಮೊಬೈಲ್‌ನಲ್ಲಿ ಬಂದ ವಿಡಿಯೋ ನೋಡಿ ಹೆದರಿ, ಲಸಿಕೆಗೆ ಹೊರಟಿದ್ದ ತಾಯಿಯನ್ನು ತಡೆದರು. ತಾಯಿಯ ಮೇಲಿನ ಪ್ರೀತಿಯಿಂದಲೇ ತಡೆದರು. ಆ ಮೇ ತಿಂಗಳಿನಲ್ಲಿ ಕೊರೋನಾ ಬಂದು ತಾಯಿ ತೀರಿಕೊಂಡರು. ಸಮಾಧಿಗೆ ಮಣ್ಣು ಹಾಕಲು ಮೂವರಿಗಿಂತ ಹೆಚ್ಚು ಜನರಿರಲಿಲ್ಲ. ಮೃತ ವಿಶ್ವಾಸಿಗಳ ದಿನದಂದು ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುತ್ತ, “ನಾನೇ ಕೊಂದುಬಿಟ್ಟೆ ಫಾದರ್” ಎಂದು ಅವರು ಅತ್ತರು. ಇತರರಿಗಾದರೂ ಉಪಯೋಗವಾಗಲಿ, ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆದಿದ್ದೇನೆ.

ಅವರಿಗೆ ನಾನು ಏನು ಹೇಳಲಿ? ಲಸಿಕೆ ಹಾಕಿಸಿದ್ದರೆ ಆ ತಾಯಿ ಖಂಡಿತ ಉಳಿಯುತ್ತಿದ್ದರೆಂದು ಯಾರೂ ಹೇಳಲಾರರು. “ನೀವು ಕೊಂದಿಲ್ಲ. ಹೆದರಿದ ಮಗ ನೀವು. ನಿಮ್ಮ ತಾಯಿಗೆ ಅದು ಗೊತ್ತು, ದೇವರಿಗೂ ಗೊತ್ತು” ಎಂದೆ. ಆದರೆ ಸುಳ್ಳೆಂದು ತಿಳಿದೂ ಅಂತಹ ವಿಡಿಯೋಗಳನ್ನು ಮಾಡಿ ಹಂಚಿದವರಿಗೆ, ನಿಜವೋ ಸುಳ್ಳೋ ವಿಚಾರಿಸದೆ ಮುಂದಕ್ಕೆ ಕಳುಹಿಸಿದ ನಮಗೆ, ಎಂಟನೆಯ ದೈವಾಜ್ಞೆಯ ಮುಂದೆ ನಿಲ್ಲುವ ಸಮಯವಿದೆ. ಸುಳ್ಳು ಸಾಕ್ಷಿ ನ್ಯಾಯಾಲಯದಲ್ಲಿ ಮಾತ್ರ ಹೇಳುವಂಥದ್ದಲ್ಲ. ಬೆರಳ ತುದಿಯಿಂದಲೂ ಹೇಳಬಹುದು.

ಈ ಮಾತು ಹಳೆಯದಾಗಿಲ್ಲ. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗ, ಇದಕ್ಕೆ ಲಸಿಕೆಯೇ ಕಾರಣವಿರಬಹುದೆಂಬ ಅನುಮಾನ ಮತ್ತೆ ತಲೆಯೆತ್ತಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಗೆ ಹಠಾತ್ ಸಾವುಗಳಿಗೂ ಲಸಿಕೆಗೂ ಅಂತಹ ಸಂಬಂಧ ಕಂಡುಬರಲಿಲ್ಲ. ಹಾಗೆಂದು ಲಸಿಕೆಯಿಂದ ಯಾರಿಗೂ ಏನೂ ಆಗಲಿಲ್ಲವೆಂದು ನಾವು ಹೇಳಬಾರದು. ಕೋವಿಶೀಲ್ಡ್‌ನಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದೆಂದು 2021ರಲ್ಲಿಯೇ ತಿಳಿದಿತ್ತು. ಅಂತಹ ನೋವುಂಡ ಮನೆಯ ಮುಂದೆ ನಮ್ಮ ವಾದ ನಿಲ್ಲಲಿ, ಸಾಂತ್ವನ ಮಾತನಾಡಲಿ. ಇರುವ ಅಪಾಯವನ್ನು ಮುಚ್ಚಿಟ್ಟವನನ್ನು ಜನ ಮುಂದೊಮ್ಮೆ ಸತ್ಯ ಹೇಳುವಾಗಲೂ ನಂಬುವುದಿಲ್ಲ.

ಮುಂದೆಯೂ ಹೊಸ ರೋಗಗಳು ಬರಬಹುದು, ಹೊಸ ಲಸಿಕೆಗಳೂ ಬರುತ್ತವೆ. “ದೇವರು ಕಾಪಾಡುತ್ತಾನೆ, ಸೂಜಿ ಏತಕ್ಕೆ?” ಎನ್ನುವವರು ನಮ್ಮಲ್ಲಿದ್ದಾರೆ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಹೇಳಿದಾಗ, ಯೇಸುಸ್ವಾಮಿ ದೇವರನ್ನು ಪರೀಕ್ಷಿಸಲು ಒಪ್ಪಲಿಲ್ಲ (ಮತ್ತಾಯ 4:5-7). ವೈದ್ಯನನ್ನೂ ಮದ್ದನ್ನೂ ಕೊಟ್ಟವರು ದೇವರೇ ಎನ್ನುತ್ತದೆ ಸಿರಾಖನ ಗ್ರಂಥದ 38ನೆಯ ಅಧ್ಯಾಯ. ಆದ್ದರಿಂದ ನಮ್ಮ ನೆರೆಯವರಲ್ಲಿ ಯಾರಾದರೂ ಹಿಂಜರಿದರೆ ನಗಬೇಡಿ, ಗದರಬೇಡಿ. ಅವರ ಭಯವನ್ನು ಪೂರ್ತಿ ಕೇಳಿ. ತಿಳಿದದ್ದನ್ನು ತಿಳಿದಷ್ಟೇ ಹೇಳಿ, ತಿಳಿಯದ್ದನ್ನು ವೈದ್ಯರ ಬಳಿ ಒಟ್ಟಿಗೆ ಹೋಗಿ ಕೇಳಿ. ಮೊದಲು ನೀವು ಹೋಗಿ, ಆಮೇಲೆ ಅವರ ಜೊತೆಯಲ್ಲಿಯೂ ಹೋಗಿ.

ಕುಟುಂಬದಲ್ಲಿ ಚಿಂತಿಸಲು:

1. ಆ ಎರಡು ವರ್ಷಗಳಲ್ಲಿ ನಮ್ಮ ಮನೆಯವರು ಯಾರ ಮಾತನ್ನು ನಂಬಿದೆವು? ಏಕೆ?

2. ಅಂದಿನ ನಿರ್ಧಾರಕ್ಕಾಗಿ ಇಂದಿಗೂ ತಮ್ಮನ್ನು ಹಳಿದುಕೊಳ್ಳುತ್ತಿರುವವರು ನಮ್ಮ ಬೀದಿಯಲ್ಲಿ ಇದ್ದಾರೆಯೇ? ಈ ವಾರ ಅವರನ್ನು ಕಂಡು ಬರೋಣವೇ?

3. ನಿಜವೆಂದು ತಿಳಿಯದ ಸುದ್ದಿಯನ್ನು ಮುಂದಕ್ಕೆ ಕಳುಹಿಸುವುದಿಲ್ಲವೆಂದು ಮನೆಮಂದಿಯೆಲ್ಲ ನಿರ್ಧರಿಸೋಣವೇ?

ಪ್ರಾರ್ಥನೆ: ಪ್ರಭುವೇ, ನಮ್ಮ ಪ್ರಶ್ನೆಗಳಿಗೆ ನೀವು ಕೋಪಿಸಿಕೊಳ್ಳುವುದಿಲ್ಲ. ಹೆದರಿದವರ ಪಕ್ಕದಲ್ಲಿ ನಡೆಯುವ ತಾಳ್ಮೆಯನ್ನು ನಮಗೆ ಕೊಡಿ. ಆ ದಿನಗಳಲ್ಲಿ ಅಗಲಿದ ನಮ್ಮವರಿಗೆ ನಿಮ್ಮ ಬೆಳಕನ್ನೂ, ಉಳಿದ ನಮಗೆ ಒಬ್ಬರನ್ನೊಬ್ಬರು ಕ್ಷಮಿಸುವ ಮನಸ್ಸನ್ನೂ ದಯಪಾಲಿಸಿ. ಆಮೆನ್.