ಪ್ರತಿನಿಧಿಯ ಧರ್ಮವೂ ಪ್ರಜೆಯ ಅಧಿಕಾರವೂ

ಪ್ರತಿನಿಧಿಯು ಪ್ರಜೆಯ ನಾಲಗೆಯೋ, ಪ್ರಜೆಯ ವಿವೇಕವೋ? ಆರಿಸಿದವರು ಬಯಸಿದುದನ್ನು ನುಡಿಯುವುದಷ್ಟೇ ಅವನ ಕರ್ತವ್ಯವೆಂಬವರು ಕೆಲವರು. ಅವರ ಹಿತವನ್ನು ತನ್ನ ಬುದ್ಧಿಯಿಂದ ನಿಶ್ಚಯಿಸಿ ನಡೆಯತಕ್ಕದ್ದೆಂಬವರು ಮತ್ತೆ ಕೆಲವರು. ಈ ಪ್ರಶ್ನೆಯು ಒಬ್ಬ ಮನುಷ್ಯನ ಪದವಿಯನ್ನೇ ಪಣಕ್ಕಿಟ್ಟ ಪ್ರಸಂಗವೊಂದು 2013ನೆಯ ಇಸವಿಯಲ್ಲಿ ಅಮೆರಿಕದ ಕೊಲೊರಾಡೋ ಸಂಸ್ಥಾನದಲ್ಲಿ ನಡೆಯಿತು.

ಚುನಾಯಿತನನ್ನು ಅವಧಿ ತೀರುವ ಮುನ್ನವೇ ಹಿಂದಕ್ಕೆ ಕರೆಯುವ ಅಧಿಕಾರವು ಆ ದೇಶದ ಕೆಲವು ಸಂಸ್ಥಾನಗಳ ಮತದಾರರಿಗೆ ಉಂಟು. ಇದನ್ನು ಪ್ರತ್ಯಾಹ್ವಾನವೆನ್ನಬಹುದು. ಕ್ಯಾಲಿಫೋರ್ನಿಯದಲ್ಲಿ 1911ರಲ್ಲಿಯೂ ಕೊಲೊರಾಡೋದಲ್ಲಿ 1912ರಲ್ಲಿಯೂ ಇದು ರಾಜ್ಯಾಂಗವನ್ನು ಸೇರಿತು. 1913ರಲ್ಲಿ ಕ್ಯಾಲಿಫೋರ್ನಿಯದ ಮಾರ್ಷಲ್ ಬ್ಲ್ಯಾಕ್ ಎಂಬ ಸೆನೆಟರನು ಹೀಗೆ ಪದಚ್ಯುತನಾದನು. ಅವನು ಸಾಲಸಂಘವೊಂದರ ಹಣವನ್ನು ಅಪಹರಿಸಿದ್ದನು. ಅಲ್ಲಿ ಧರ್ಮಸಂದೇಹಕ್ಕೆ ಎಡೆಯಿಲ್ಲ. ಕೊಲೊರಾಡೋದ ಜಾನ್ ಮೋರ್ಸನ ಸಂಗತಿಯು ಅಷ್ಟು ಸುಲಭವಾದುದಲ್ಲ.

ಮೋರ್ಸನು ಫೌಂಟನ್ ಎಂಬ ಊರಿನ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದವನು. 2006ರಲ್ಲಿ ಸೆನೆಟ್ಟಿಗೆ ಚುನಾಯಿತನಾಗಿ, 2010ರಲ್ಲಿ ಪುನಃ ಗೆದ್ದು, 2013ರಲ್ಲಿ ಅದರ ಅಧ್ಯಕ್ಷನಾಗಿದ್ದನು. ಅದಕ್ಕೆ ಹಿಂದಿನ ಜುಲೈನಲ್ಲಿ ಅದೇ ಸಂಸ್ಥಾನದ ಅರೋರಾ ಪಟ್ಟಣದ ಚಿತ್ರಮಂದಿರದಲ್ಲಿ ಒಬ್ಬನ ಗುಂಡಿಗೆ 12 ಮಂದಿ ಬಲಿಯಾಗಿದ್ದರು. ಖಾಸಗಿಯಾಗಿ ಬಂದೂಕು ಕೊಳ್ಳುವವನ ಪೂರ್ವಚರಿತ್ರೆಯನ್ನು ಪರೀಕ್ಷಿಸತಕ್ಕದ್ದೆಂದೂ, ಗುಂಡಿನ ಕೋಶದಲ್ಲಿ 15ಕ್ಕಿಂತ ಹೆಚ್ಚು ಗುಂಡುಗಳು ಹಿಡಿಯಕೂಡದೆಂದೂ ಶಾಸನಗಳಾದುವು. ಮೋರ್ಸನು ಅವುಗಳ ಮುಂದಾಳುಗಳಲ್ಲೊಬ್ಬನು. ಆಯುಧಧಾರಣೆಯನ್ನು ಜನ್ಮಸಿದ್ಧ ಹಕ್ಕೆಂದು ನಂಬಿದವರು ಕೆರಳಿದರು. ದೂರದಿಂದ ಬಂದ ತಮ್ಮ ಮಾತನ್ನು ಸಭೆಯು ಸಾವಧಾನವಾಗಿ ಕೇಳಲಿಲ್ಲವೆಂಬುದೂ ಅವರ ದೂರಾಗಿತ್ತು. ಈ ದೂರನ್ನು ಹಗುರವಾಗಿ ಎಣಿಸಬಾರದು. ಸೋತವನು ಸೋಲನ್ನು ಸಹಿಸಿಯಾನು; ತನ್ನ ಮಾತು ಕಿವಿಗೇ ಬೀಳಲಿಲ್ಲವೆಂಬುದನ್ನು ಸಹಿಸುವುದು ಕಷ್ಟ.

ಮೋರ್ಸನು ರಾಜೀನಾಮೆಯಿತ್ತಿದ್ದರೆ ಆ ಸ್ಥಾನವು ಆತನ ಪಕ್ಷದಲ್ಲಿಯೇ ಉಳಿಯುತ್ತಿತ್ತು. ಮುಂದೆ ಇಂಥದೇ ಬೆದರಿಕೆಯೊದಗಿದಾಗ ಈವೀ ಹ್ಯೂಡಕ್ ಎಂಬ ಸದಸ್ಯೆಯು ಹಾಗೆಯೇ ಮಾಡಿದಳು. ಮೋರ್ಸನಾದರೋ ಮತದಾರರ ಇದಿರಿಗೆ ನಿಂತನು. 2013ರ ಸೆಪ್ಟೆಂಬರ್ 10ರಂದು ನೂರಕ್ಕೆ ಸುಮಾರು 51 ಮತಗಳು ಆತನಿಗೆ ವಿರುದ್ಧವಾದುವು. ಪ್ಯೂಬ್ಲೋ ಪಟ್ಟಣದ ಆಂಜೆಲಾ ಹಿರೋನಳೂ ಅಂದೇ ಪದವಿಯನ್ನು ಕಳೆದುಕೊಂಡಳು. ಆ ಸಂಸ್ಥಾನದಲ್ಲಿ ಹೀಗೆ ಪದಚ್ಯುತರಾದ ಶಾಸಕರಲ್ಲಿ ಇವರೇ ಮೊದಲಿಗರು.

ನ್ಯಾಯವಾಯಿತೇ? ಶಾಸನದೃಷ್ಟಿಯಿಂದ ನೋಡಿದರೆ ಆಯಿತು. ಆದರೆ ಧರ್ಮದೃಷ್ಟಿಯು ಇನ್ನೊಂದನ್ನು ಕೇಳುವುದು. ಭಂಡಾರವನ್ನು ಕದ್ದವನನ್ನು ಅವಧಿಯವರೆಗೆ ಬಿಟ್ಟಿರಲಾಗದು. ಮತಭೇದವುಳ್ಳವನ ವಿಷಯದಲ್ಲಿ ಕಾಯುವುದು ಸಾಧ್ಯ. ಮೋರ್ಸನ ಅವಧಿಯೂ 2015ರ ಜನವರಿಯಲ್ಲಿ ಹೇಗೂ ತೀರುತ್ತಿತ್ತು. ಕಳ್ಳನಿಗೂ ಭಿನ್ನಮತದವನಿಗೂ ಒಂದೇ ದಂಡವಾದರೆ, ಮುಂದಿನ ಪ್ರತಿನಿಧಿಯು ಕಳ್ಳತನಕ್ಕೆ ಅಂಜುವಷ್ಟೇ ಸತ್ಯಕ್ಕೂ ಅಂಜುವನು.

ಅಪ್ರಿಯವಾದ ಹಿತವನ್ನು ನುಡಿದ ವಿದುರನನ್ನು ಧೃತರಾಷ್ಟ್ರನು ಹೊರಡೆಂದನು. ವಿದುರನು ಕಾಮ್ಯಕವನಕ್ಕೆ ಹೋದನು. ಬಳಿಕ ಪಶ್ಚಾತ್ತಾಪಗೊಂಡ ಅರಸನು ಸಂಜಯನನ್ನಟ್ಟಿ ಅವನನ್ನು ಕರೆಯಿಸಿಕೊಂಡನು. ಕೊಲೊರಾಡೋದಲ್ಲಿ 2014ರ ನವೆಂಬರಿನಲ್ಲಿ ಆ ಎರಡು ಸ್ಥಾನಗಳೂ ಮೋರ್ಸನ ಪಕ್ಷಕ್ಕೇ ಮರಳಿದುವು. ಗುಂಡಿನ ಕೋಶದ ಮಿತಿಯನ್ನು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 2020ರಲ್ಲಿ ಎತ್ತಿಹಿಡಿಯಿತು. ಮೋರ್ಸನು ಮಾತ್ರ ಆ ಪೀಠಕ್ಕೆ ಮರಳಲಿಲ್ಲ. ಪ್ರಜೆಯು ಧೃತರಾಷ್ಟ್ರನಂತೆ ಮನಸ್ಸನ್ನು ಬದಲಿಸಬಲ್ಲುದು. ಆದರೆ ಕಳುಹಿಸಿದವನನ್ನೇ ಹಿಂದಕ್ಕೆ ತರಲು ಅದಕ್ಕೆ ಸಂಜಯನು ದೊರೆಯುವುದು ವಿರಳ.

ಹಾಗೆಂದು ಈ ಅಧಿಕಾರವು ಪ್ರಜೆಗೆ ಬೇಡವೆನ್ನಲಾಗದು. ಪದವಿಯನ್ನು ಕಳೆದುಕೊಳ್ಳುವ ಸಂಭವವಿಲ್ಲದ ಪ್ರತಿನಿಧಿಯ ಧೈರ್ಯವನ್ನು ಪರೀಕ್ಷಿಸುವ ಬಗೆ ಯಾವುದು? ಅಂತಃಕರಣವನ್ನು ಅನುಸರಿಸುವವನು ಅದರ ಬೆಲೆಯನ್ನು ತೆರಲು ಸಿದ್ಧನಿರಬೇಕು, ಮೋರ್ಸನು ತೆತ್ತನು. ಪದವಿಯಿಂದ ಇಳಿಸುವ ಪ್ರಜೆಯೂ ತನ್ನನ್ನು ಒಮ್ಮೆ ಕೇಳಿಕೊಳ್ಳಬೇಕು: ಇವನು ನಮ್ಮ ನಂಬಿಕೆಗೆ ದ್ರೋಹವೆಸಗಿದನೇ, ಅಥವಾ ನಮಗೆ ರುಚಿಸದ ಮಾತನ್ನಾಡಿದನೇ? ಈ ಎರಡರ ಭೇದವನ್ನು ಶಾಸನವು ಬರೆದಿಡಲಿಲ್ಲ. ಅದನ್ನು ಅರಿಯುವ ಹೊಣೆಯು ಪ್ರಜೆಯದಾಗಿಯೇ ಉಳಿಯಿತು.