ಎರಡನೆಯ ಟಿಕ್

ಗೋಡೆ ಗಡಿಯಾರ ರಾತ್ರಿಯಿಡೀ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಮಿದುಳು ಆ ಸದ್ದನ್ನು ಬದಿಗೆ ಸರಿಸುವುದರಿಂದ ನಮಗೆ ನಿದ್ದೆ ಹತ್ತುತ್ತದೆ. ಹಾಗೆ ಸರಿಸಲಾಗದ ಮಿದುಳುಗಳೂ ಇವೆ.

*

ಎರಡು ಟಿಕ್ ಸದ್ದು, ನಡುವೆ ಅರ್ಧ ಸೆಕೆಂಡು. ಮೊದಲನೆಯದಕ್ಕೆ ಮಿದುಳಿನ ಅಲೆ ಎತ್ತರಕ್ಕೆ ಏಳುತ್ತದೆ, ಎರಡನೆಯದಕ್ಕೆ ತಗ್ಗುತ್ತದೆ. ಇಲ್ಲದ ದನಿ ಕೇಳಿಸಬಹುದಾದ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವ ಅನೇಕರಲ್ಲಿ ಎರಡನೆಯ ಅಲೆ ಅಷ್ಟಾಗಿ ತಗ್ಗುವುದಿಲ್ಲ ಎಂದು 1982ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಆಡ್ಲರ್, ಫ್ರೀಡ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಡಿಬಿಎ/2 ಎಂಬ ತಳಿಯ ಇಲಿಯಲ್ಲೂ ಹೀಗೆಯೇ ಆಗುತ್ತದೆ. ಬಂದವರೆಲ್ಲ ಬಾಗಿಲು ಹಾರುಹೊಡೆದು ಹೋದರೆ ಮನೆಯವರಿಗೆ ನೆಮ್ಮದಿ ಎಲ್ಲಿಯದು?

*

ಆ ಇಲಿಗೆ ನಿಕೋಟಿನ್ ಕೊಟ್ಟರೆ ಮಿದುಳಿನ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತದೆ. ಸಿಗರೇಟು ಸೇದಿದ ಮೇಲೆ ರೋಗಿಗಳಲ್ಲೂ ಕೆಲವು ನಿಮಿಷ ಹೀಗಾಗುವುದನ್ನು ಅಳೆದು ನೋಡಿದ್ದಾರೆ. ತಂಬಾಕು ಮದ್ದಲ್ಲ, ಪುಪ್ಪುಸವನ್ನು ತಿನ್ನುವ ವಿಷವೇ. ಆದರೂ ಒಂದರ ಕೆಂಡದಿಂದ ಇನ್ನೊಂದು ಬೀಡಿ ಹಚ್ಚಿಕೊಳ್ಳುವ ರೋಗಿಯನ್ನು ಬಯ್ಯುವಾಗ ನನ್ನ ನಾಲಿಗೆ ಈಗ ತಡೆಯುತ್ತದೆ.

*

ಟೂ, ಟೂ, ಟೂ, ಟೂ, ಟೀ. ಪುಸ್ತಕ ಓದುತ್ತ ಕೂತವನ ಮಿದುಳೂ ಆ ಕೊನೆಯ 'ಟೀ'ಗೆ ಬೆಚ್ಚುತ್ತದೆ, ಅವನಿಗೆ ಗೊತ್ತೇ ಆಗದಂತೆ. ಫಿನ್ಲೆಂಡಿನ ರಿಸ್ಟೊ ನ್ಯಾಟನೆನ್ ಮತ್ತು ಜೊತೆಗಾರರು 1978ರಲ್ಲಿ ಈ ಬೆಚ್ಚುವಿಕೆಯ ಅಲೆಯನ್ನು ಗುರುತಿಸಿದರು. ಸ್ಕಿಜೋಫ್ರೇನಿಯಾದಲ್ಲಿ ಅದು ಕುಗ್ಗುತ್ತದೆ. 1996ರಲ್ಲಿ ಡೇನಿಯಲ್ ಜಾವಿಟ್ ತಂಡ ಕೋತಿಗಳ ಮಿದುಳಿನ ಎನ್‌ಎಂಡಿಎ ಎಂಬ ಗ್ರಾಹಕಗಳಿಗೆ ತಡೆಯೊಡ್ಡಿದಾಗ ಅಲ್ಲೂ ಅದು ಉಡುಗಿತು. ಅದೇ ಗ್ರಾಹಕಗಳನ್ನು ತಡೆಯುವ ಕೆಟಮಿನ್ ಎಂಬ ಮದ್ದನ್ನು ಆರೋಗ್ಯವಂತರಿಗೆ ಕೊಟ್ಟಾಗಲೂ ಹಾಗೆಯೇ. ಹೊಸತಕ್ಕೆ ಬೆಚ್ಚುವುದೂ ಒಂದು ಆರೋಗ್ಯ.

*

ಜೀರುಂಡೆ ತಾನು ಕೂಗುವಾಗ ತನ್ನ ಕಿವಿಗೆ ತಾನೇ ಕಡಿವಾಣ ಹಾಕುತ್ತದೆ, ಅದೂ ಒಂದೇ ಒಂದು ನರಕೋಶದಿಂದ. 'ಇದು ನನ್ನದೇ ಸದ್ದು' ಎಂದು ಒಳಗಿನಿಂದ ಹೋಗುವ ಆ ಸುದ್ದಿ ಮನುಷ್ಯನಲ್ಲಿ ತಪ್ಪಿದರೆ, ತನ್ನದೇ ಒಳಮಾತು ಪರರ ದನಿಯಾಗಿ ಕೇಳಬಹುದು. ಇನ್ನೂ ಊಹೆಯೇ ಇದು. ಆದರೆ ಬುಡವಿರುವ ಊಹೆ.

*

ಇಲಿಗೆ ಇಲ್ಲದ ದನಿ ಕೇಳಿತೆಂದು ತಿಳಿಯುವುದು ಹೇಗೆ? ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಕ್ಯಾಥರೀನಾ ಶ್ಮಾಕ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಕಂಡುಕೊಂಡರು. ಫಲ ಪ್ರಕಟವಾದದ್ದು 2021ರಲ್ಲಿ. ಗದ್ದಲದ ನಡುವೆ ಒಂದು ಸ್ವರ ಕೇಳಿದರೆ ಇಲಿ ಒಂದು ಕಂಡಿಗೆ ಮೂತಿ ಇಡಬೇಕು, ಕೇಳದಿದ್ದರೆ ಇನ್ನೊಂದಕ್ಕೆ. ಸರಿಯಾದರೆ ಬಹುಮಾನ, ಆದರೆ ಕೂಡಲೇ ಅಲ್ಲ, ಕಾಯಬೇಕು. ಅನುಮಾನವಿದ್ದ ಇಲಿ ಬೇಗ ಎದ್ದು ಹೋಗುತ್ತದೆ. ನಂಬಿಕೆಯಿದ್ದ ಇಲಿ ಕದಲದೆ ಕೂರುತ್ತದೆ. ಸ್ವರವೇ ಬಾರದಿದ್ದಾಗಲೂ 'ಕೇಳಿತು' ಎಂಬ ಕಂಡಿಯಲ್ಲಿ ಮೂತಿಯಿಟ್ಟು ಕಾದು ಕೂತ ಇಲಿಗಳಿದ್ದವು. ಕೆಟಮಿನ್ ಕೊಟ್ಟಾಗ ಅಂಥ ಕಾಯುವಿಕೆ ಹೆಚ್ಚಿತು. ಅಂಥ ಕಾಯುವಿಕೆಗೆ ಮುಂಚೆಯೇ ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಏರಿರುತ್ತಿತ್ತು. ರೋಗಿಗಳಿಗೆ ಕೊಡುವ ಹ್ಯಾಲೊಪೆರಿಡಾಲ್ ಎಂಬ ಔಷಧ ಆ ಹುಸಿ ಕಾಯುವಿಕೆಯನ್ನು ಇಳಿಸಿತು.

ಕತ್ತಲ ಡಬ್ಬಿಯಲ್ಲಿ, ಬಾರದ ಸ್ವರವನ್ನು ನಂಬಿ ಕಾಯುತ್ತ ಕೂತ ಆ ಬೆರಳುದ್ದದ ಪ್ರಾಣಿ ನನ್ನ ಕಣ್ಣಿಗೆ ಕಟ್ಟಿದೆ. ಅದು ಸುಳ್ಳು ಹೇಳುತ್ತಿರಲಿಲ್ಲ.

*

ಇಲಿಗೆ ಸ್ಕಿಜೋಫ್ರೇನಿಯಾ ಬರುವುದಿಲ್ಲ. ನೆರೆಮನೆಯವರು ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂಬ ಸಂಕಟ ಅದಕ್ಕಿಲ್ಲ. ಇಲಿಯಲ್ಲಿ ಭರವಸೆ ಮೂಡಿಸಿದ ಔಷಧಗಳು ಮನುಷ್ಯರಲ್ಲಿ ಸೋತದ್ದೂ ಉಂಟು. ಇಲಿ ಕೊಡುವುದು ಕಾಯಿಲೆಯ ಒಂದು ಎಳೆಯನ್ನು ಮಾತ್ರ. ಆ ಎಳೆಯನ್ನು ಹಿಡಿದುಕೊಟ್ಟದ್ದಕ್ಕೇ ನಾವು ಅದಕ್ಕೆ ಋಣಿಗಳು.

*

ಲೋಕದಲ್ಲಿ ಮುನ್ನೂರು ಚಿಲ್ಲರೆ ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ನಮ್ಮ ಕೇರಿಯಲ್ಲೂ ಇರಬಹುದು.

*

ದನಿ ಕೇಳುತ್ತಿದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ 'ನಾಟಕ ಸಾಕು' ಅನ್ನಬೇಡಿ. ಆ ದನಿ ಏನು ಹೇಳುತ್ತಿದೆ, ಎಷ್ಟು ದಿನದಿಂದ, ಹೆದರಿಸುತ್ತಿದೆಯೇ ಎಂದು ಪಕ್ಕದಲ್ಲಿ ಕೂತು ಕೇಳಿ. ತಡಮಾಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲಿಂದ ಶುರುಮಾಡುವುದೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.